ಹೋದವರೆಲ್ಲ ಮನೆಗೆ ಮರಳಬೇಕು



ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕಿನ ರೈತರಿಗೆ ರಸ್ತೆಗಿಳಿಯುವುದು ಹೊಸದಲ್ಲ. ಇಳಿಯುವ ಕಾರಣಗಳೂ ಹೊಸವಲ್ಲ. ತೊಗರಿ ರಾಶಿಯಾಗಿ ಗಂಜಿಗೆ ಬಂದ ಹೊತ್ತಿಗೇ ದರ ಇಳೀತದ. ನಮ್ಮ ಕೈಯಿಂದ ಮಾಲು ದಾಟಿದ ಮ್ಯಾಲೆ ಏರ್ತದ. ಕ್ವಿಂಟಲ್ ತೊಗರಿಗೆ 2024-25ಕ್ಕೆ 7,550 ರೂಪಾಯಿ, 2025-26ಕ್ಕೆ 8,000 ರೂಪಾಯಿ ಎಂದು ಕೇಂದ್ರ ಸರ್ಕಾರ ಬೆಂಬಲ ಬೆಲೆ ಸಾರಿತು. ಸಾರಿದ್ದು ಕಾಗದದ ಮೇಲೆ. ಖರೀದಿ ಕೇಂದ್ರದ ಬಾಗಿಲು ತೆರೆಯುವ ತನಕ ಅಡತಿಯವನ ಬಡ್ಡಿ ಕಾಯುವುದಿಲ್ಲ, ಬ್ಯಾಂಕಿನ ನೋಟೀಸೂ ಕಾಯುವುದಿಲ್ಲ. 2022ರಲ್ಲಿ ನೆಟೆ ರೋಗ ಬಿದ್ದು ತೊಗರಿ ನಿಂತಲ್ಲೇ ಒಣಗಿದಾಗ ಪರಿಹಾರಕ್ಕೂ ನಾವೇ ಕೂಗಬೇಕಾಯಿತು. ಕೂಗದೆ ಏನೂ ಬರುವುದಿಲ್ಲ ಎಂಬುದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ.

ಆದರೆ ಒಂದು ಮಾತು ಕೇಳಬೇಕಾಗಿದೆ. ಚಳವಳಿಗೆ ಎಷ್ಟು ಮಂದಿ ಬಂದರು ಎಂದು ನಾವು ಎಣಿಸುತ್ತೇವೆ. ಎಷ್ಟು ಟ್ರ್ಯಾಕ್ಟರ್ ಬಂದವು ಎಂದು ಎಣಿಸುತ್ತೇವೆ. ಸಂಜೆಗೆ ಎಷ್ಟು ಮಂದಿ ಸುರಕ್ಷಿತವಾಗಿ ಮನೆ ಮುಟ್ಟಿದರು ಎಂದು ಎಣಿಸುವವರು ಯಾರು? ಎಣಿಸುವ ಕೆಲಸ ಪೊಲೀಸರದ್ದಲ್ಲ, ಪತ್ರಿಕೆಯವರದ್ದೂ ಅಲ್ಲ. ಅದು ಸಂಘಟನೆಯ ಕೆಲಸ, ಅಂದರೆ ನಿಮ್ಮ ಕೆಲಸ.

"ಚಳವಳಿ ಅಂದಮ್ಯಾಲೆ ಲಾಠಿ ಏಟು ಬೀಳ್ತಾವ, ಅಂಜಿದವ ಮನಿಯಾಗ ಕೂಡಲಿ" ಎನ್ನುವ ಗಂಡಸುತನದ ಮಾತು ನಮ್ಮಲ್ಲಿ ಬಹಳ ಇದೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಬಿತ್ತುವ ಮುಂಚೆ ಬೀಜ ನೋಡುವವನನ್ನು ಅಂಜುಬುರುಕ ಎನ್ನುತ್ತೇವೇನು? ಕಣಕ್ಕೆ ರಾಶಿ ತರುವ ಮುಂಚೆ ಮೋಡ ನೋಡುವವನನ್ನು ಹೇಡಿ ಎನ್ನುತ್ತೇವೇನು? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಏನು ಬಂತು?

ಹಿಂದಿನದನ್ನು ನೆನಪು ಮಾಡಿಕೊಳ್ಳಿ. 1980ರ ಜುಲೈ 21. ಮಲಪ್ರಭಾ ಅಚ್ಚುಕಟ್ಟಿನ ನರಗುಂದ, ನವಲಗುಂದದಲ್ಲಿ ಬೆಟರ್‌ಮೆಂಟ್ ಲೆವಿಯ ವಿರುದ್ಧ ರೈತರು ಎದ್ದರು. ಗೋಲಿಬಾರ್ ಆಯಿತು. ರೈತರು ಸತ್ತರು, ನರಗುಂದದಲ್ಲಿ ಜನರ ಕೈಗೆ ಸಿಕ್ಕು ಪೊಲೀಸರೂ ಸತ್ತರು. ಆ ರಕ್ತದಿಂದಲೇ ರಾಜ್ಯದ ರೈತ ಚಳವಳಿ ಬೆಳೆಯಿತು; ರುದ್ರಪ್ಪ, ಸುಂದರೇಶ್, ಪ್ರೊ. ನಂಜುಂಡಸ್ವಾಮಿಯವರ ರೈತ ಸಂಘ ಊರೂರಿಗೆ ಮುಟ್ಟಿತು. ಇಂದಿಗೂ ಆ ದಿನವನ್ನು ಹುತಾತ್ಮರ ದಿನವೆಂದು ಆಚರಿಸುತ್ತೇವೆ. ಆಚರಿಸಬೇಕು. ಆದರೆ ಹುತಾತ್ಮನ ಕಲ್ಲಿಗೆ ವರ್ಷಕ್ಕೊಮ್ಮೆ ಹಾರ ಬೀಳುತ್ತದೆ, ಅವನ ಹೊಲಕ್ಕೆ ಮಾತ್ರ ಪ್ರತಿ ಮಳೆಗೂ ಒಬ್ಬ ಹರಗುವವ ಬೇಕು. ಅವನ ಮನೆಯವರ ಕಣ್ಣಿನಿಂದ ಆ ದಿನವನ್ನು ಒಮ್ಮೆ ನೋಡಿರಿ.

1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಹೆದ್ದಾರಿಯಲ್ಲಿ ವಾರಗಟ್ಟಲೆ ಕೂತರು. ಕೊನೆಗೆ ಅಲ್ಲಿಯೂ ಗುಂಡು ಹಾರಿತು. 2008ರ ಜೂನ್ 10ರಂದು ಹಾವೇರಿಯಲ್ಲಿ ರೈತರು ಕೇಳಿದ್ದು ರಾಜ್ಯವನ್ನಲ್ಲ, ಬಿತ್ತಿಗೆಗೆ ಒಂದು ಚೀಲ ಗೊಬ್ಬರ. ಅಲ್ಲಿಯೂ ಗೋಲಿಬಾರ್, ಇಬ್ಬರು ರೈತರ ಸಾವು. 2016ರಲ್ಲಿ ಮಹದಾಯಿ ಹೋರಾಟದ ಹೊತ್ತಿನಲ್ಲಿ ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಹೆಂಗಸರು, ಮುದುಕರು ಎನ್ನದೆ ಲಾಠಿ ಬೀಸಿದ್ದನ್ನು ನಾಡೆಲ್ಲ ಟಿ.ವಿ.ಯಲ್ಲಿ ಕಂಡಿತು. 2017ರ ಜೂನ್‌ನಲ್ಲಿ ಮಧ್ಯಪ್ರದೇಶದ ಮಂದಸೌರ್. 2021ರ ಅಕ್ಟೋಬರ್ 3ರಂದು ಉತ್ತರ ಪ್ರದೇಶದ ಲಖೀಂಪುರ ಖೇರಿ. ಅಲ್ಲಿ ಲಾಠಿಯಲ್ಲ, ಗುಂಡಲ್ಲ, ನಡೆದು ಹೋಗುತ್ತಿದ್ದ ರೈತರ ಮೇಲೆ ಹಿಂದಿನಿಂದ ಗಾಡಿಯೇ ಹರಿಯಿತು.

ದಿಲ್ಲಿ ಗಡಿಯಲ್ಲಿ 2020ರ ನವೆಂಬರ್‌ನಿಂದ ಒಂದು ವರ್ಷಕ್ಕೂ ಮಿಕ್ಕಿ ರೈತರು ಕೂತು ಮೂರು ಕಾಯ್ದೆ ಹಿಂದೆಗೆಸಿದರು. ಅದು ಗೆಲುವು. ಆದರೆ ಅಲ್ಲಿ ತೀರಿಹೋದ ಬಹುಪಾಲು ಮಂದಿಗೆ ಗುಂಡು ತಗುಲಿರಲಿಲ್ಲ. ಚಳಿ ಕೊಂದಿತು, ಎದೆನೋವು ಕೊಂದಿತು, ಹೋಗಿ ಬರುವ ದಾರಿಯ ಅಪಘಾತ ಕೊಂದಿತು. ಇದನ್ನು ಗಟ್ಟಿಯಾಗಿ ನೆನಪಿಡಿರಿ. ನಾವು ಹೆದರುವುದು ಬಂದೂಕಿಗೆ. ನಮ್ಮನ್ನು ಹೊತ್ತೊಯ್ಯುವುದು ಹೆಚ್ಚಾಗಿ ಬಿಸಿಲು, ಟ್ರ್ಯಾಕ್ಟರು ಮತ್ತು ಮರೆತು ಬಂದ ಗುಳಿಗೆ.

ಆದ್ದರಿಂದ ಚಳವಳಿಯ ಸಿದ್ಧತೆ ರಸ್ತೆಯ ಮೇಲೆ ಅಲ್ಲ, ಊರ ಕಟ್ಟೆಯ ಮೇಲೆ ಶುರುವಾಗಬೇಕು. ಹೋಗುವ ಹಿಂದಿನ ದಿನ ಹನುಮಂತ ದೇವರ ಗುಡಿ ಮುಂದೆ ಕೂಡಿರಿ. ಹೋಗುವವರ ಹೆಸರು ಬರೆಯಿರಿ. ಎರಡು ಪಟ್ಟಿ ಮಾಡಿರಿ. ಒಂದು ಗಾಡಿಯ ಸಂಗಡ, ಒಂದು ಊರಲ್ಲಿ ಉಳಿದ ಹಿರಿಯರ ಕೈಯಲ್ಲಿ. ಹತ್ತು ಮಂದಿಗೆ ಒಬ್ಬ ಮುಖ್ಯಸ್ಥ. ಅವನಿಗೆ ಭಾಷಣ ಬರಬೇಕಾಗಿಲ್ಲ. ತನ್ನ ಹತ್ತು ಮಂದಿ ಎಲ್ಲಿದ್ದಾರೆಂದು ಯಾವ ಹೊತ್ತಿನಲ್ಲಿ ಕೇಳಿದರೂ ಹೇಳಲು ಬಂದರೆ ಸಾಕು. ಹೊರಡುವಾಗ ಎಣಿಕೆ, ಮರಳುವಾಗ ಎಣಿಕೆ. ಒಬ್ಬ ಕಡಿಮೆಯಾದರೂ ಗಾಡಿ ಬಿಡಬಾರದು.

ಪ್ರತಿ ಮನೆಯಲ್ಲಿ ಒಬ್ಬ ದುಡಿಯುವ ಆಳು ಉಳಿಯಲಿ. ದನ ಕಟ್ಟುವವರು ಬೇಕು, ಹಾಲು ಕರೆಯುವವರು ಬೇಕು, ರಾತ್ರಿ ಏನಾದರೂ ಸುದ್ದಿ ಬಂದರೆ ಓಡುವವರೂ ಬೇಕು. ಅಪ್ಪ ಮಕ್ಕಳು ಇಬ್ಬರೂ ಹೋಗುವುದು ಬ್ಯಾಡ. ಬಿ.ಪಿ., ಸಕ್ಕರೆ ಕಾಯಿಲೆ ಇದ್ದ ಕಾಕಾ, ಮಾವಂದಿರು ಬರುತ್ತೇವೆಂದರೆ ಬರಲಿ, ಆದರೆ ಎರಡು ದಿನದ ಗುಳಿಗೆ ಜೇಬಿನಲ್ಲಿರಲಿ. ಉಬ್ಬಸ ಇದ್ದವರು ಮುಂದಿನ ಸಾಲಿಗೆ ಬರಬಾರದು. ಶಾಲೆ ಹುಡುಗರನ್ನು ಕರೆತರಬೇಡಿರಿ. ಕುಡಿದು ಬಂದವನನ್ನು, ಅವನು ಯಾವ ಗೌಡನ ಮಗನೇ ಆಗಲಿ, ಗಾಡಿ ಹತ್ತಿಸಬೇಡಿರಿ. ಒಬ್ಬ ಕುಡುಕನ ಬಾಯಿ ಸಾವಿರ ರೈತರ ಬೇಡಿಕೆಯನ್ನು ಒಂದು ನಿಮಿಷದಲ್ಲಿ ಕೆಡಿಸುತ್ತದೆ.

ಇನ್ನು ಟ್ರ್ಯಾಕ್ಟರ್ ಮಾತು. ಟ್ರಾಲಿ ಇರುವುದು ಕಬ್ಬು, ಗೊಬ್ಬರ ಹೇರಲಿಕ್ಕೆ. ಅದರೊಳಗೆ ಮಂದಿ ತುಂಬುವುದಕ್ಕೆ ಕಾಯ್ದೆ ಒಪ್ಪುವುದಿಲ್ಲ, ಅಪಘಾತವಾದರೆ ವಿಮೆ ಹಣಕ್ಕೂ ತಕರಾರು ಬರುತ್ತದೆ. ಸಾಧ್ಯವಿದ್ದಷ್ಟು ಬಸ್ಸಿಗೆ ಬನ್ನಿರಿ. ನಾಲ್ಕು ಊರು ಕೂಡಿ ಒಂದು ಬಾಡಿಗೆ ಗಾಡಿ ಮಾಡಿರಿ. ಟ್ರ್ಯಾಕ್ಟರನ್ನೇ ತರುವ ನಿರ್ಧಾರವಾದರೆ ಮಡ್‌ಗಾರ್ಡ್ ಮೇಲೆ, ಟ್ರಾಲಿ ಕೊಂಡಿಯ ಮೇಲೆ ಯಾರೂ ಕೂಡಬಾರದು. ಹಿಂದೆ ಕೆಂಪು ದೀಪ ಇಲ್ಲದ ಟ್ರಾಲಿ ಕತ್ತಲಾದ ಮೇಲೆ ಹೆದ್ದಾರಿ ಹತ್ತಬಾರದು. ದಿನವೆಲ್ಲ ಬಿಸಿಲಲ್ಲಿ ಕೂಗಿ ದಣಿದ ಡ್ರೈವರ್ ರಾತ್ರಿ ಸ್ಟೇರಿಂಗ್ ಮೇಲೆ ತೂಕಡಿಸುತ್ತಾನೆ. ಅವನನ್ನು ಆ ದಿನ ನೆರಳಿನಲ್ಲಿ ಮಲಗಿಸಿರಿ. ಘೋಷಣೆ ಕೂಗಲು ಬೇರೆಯವರಿದ್ದಾರೆ.

ನಮ್ಮ ಸೀಮೆಯ ಬಿಸಿಲು ನಿಮಗೆ ಗೊತ್ತು. ಮಾರ್ಚ್ ದಾಟಿತೆಂದರೆ ಡಾಂಬರು ರಸ್ತೆ ಕಾದ ಹಂಚು. ಹೊಲದಲ್ಲಿ ಬಿಸಿಲಿಗೆ ದುಡಿಯುವ ಮೈ ಎಂಬ ಸೊಕ್ಕು ಬ್ಯಾಡ. ಹೊಲದಲ್ಲಿ ಬೇವಿನ ಗಿಡ ಇದೆ, ಬೇಕೆಂದಾಗ ನೀರಿದೆ. ಹೆದ್ದಾರಿಯ ನಡುವೆ ಎರಡೂ ಇಲ್ಲ. ತಲೆಗೆ ರುಮಾಲು, ಹೆಗಲಿಗೆ ಟವೆಲ್, ಆಳಿಗೆ ಎರಡು ದೊಡ್ಡ ಬಾಟಲಿ ನೀರು, ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಗಾಡಿಗೆ ಒಂದು ಕೊಡ ಉಪ್ಪು ಹಾಕಿದ ಮಜ್ಜಿಗೆ. ಬಿಸಿಲಿನಲ್ಲಿ ಕೂತವನ ಮಾತು ತೊದಲಿದರೆ, ಮೈ ಕಾದು ಕೆಂಡವಾದರೆ ಅದು ದಣಿವಲ್ಲ, ಜೀವಕ್ಕೆ ಬಂದ ಕುತ್ತು. ನೆರಳಿಗೆ ಎತ್ತಿಕೊಂಡು ಹೋಗಿ ಮೈಗೆಲ್ಲ ನೀರು ಹಾಕಿ ಗಾಳಿ ಬೀಸಿರಿ, 108ಕ್ಕೆ ಫೋನ್ ಮಾಡಿರಿ. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬಾರದು. ಅದು ಉಸಿರಿನ ದಾರಿಗೆ ಇಳಿಯುತ್ತದೆ.

ಕೂಡುವ ಜಾಗವನ್ನೂ ನೋಡಿ ಆರಿಸಬೇಕು. ಕಲಬುರಗಿಯಿಂದ ಜೇವರ್ಗಿಗೆ ಹೋಗುವಾಗ ಕಟ್ಟಿ ಸಂಗಾವಿಯ ಹತ್ತಿರ ಭೀಮಾ ನದಿಯ ಸೇತುವೆ ಬರುತ್ತದೆ. ಸೇತುವೆ ಹಿಡಿದರೆ ಎರಡೂ ಕಡೆ ಸಂಚಾರ ನಿಲ್ಲುತ್ತದೆ, ಸುದ್ದಿಯಾಗುತ್ತದೆ ಎಂಬ ಆಸೆ ಸಹಜ. ನನ್ನ ಮಾತು ಕೇಳಿರಿ: ಯಾವ ಸೇತುವೆಯ ಮೇಲೂ ಕೂಡಬೇಡಿರಿ. ಸೇತುವೆಗೆ ಇರುವುದು ಎರಡೇ ಬಾಯಿ. ಎರಡೂ ಕಡೆಯಿಂದ ಲಾಠಿ ಬಂದರೆ ಮೂರನೆಯ ದಾರಿ ನದಿ ಮಾತ್ರ. ಕಾಲುವೆ ದಂಡೆ, ಬಾವಿ, ಎರಡು ಗೋಡೆ ನಡುವಿನ ಓಣಿ, ಇವೂ ಹಾಗೆಯೇ. ನಾಲ್ಕು ಕಡೆ ಬಯಲಿರುವ ಕ್ರಾಸ್ ಒಳ್ಳೆಯದು. ಹಿಂದಿನ ದಿನವೇ ಇಬ್ಬರು ಹೋಗಿ ನೋಡಿ ಬರಲಿ: ನೀರು ಎಲ್ಲಿದೆ, ನೆರಳು ಎಲ್ಲಿದೆ, ದವಾಖಾನೆ ಎಷ್ಟು ದೂರ, ಚದುರಬೇಕಾದರೆ ಯಾವ ಕಡೆ, ಚದುರಿದ ಮೇಲೆ ಎಲ್ಲರೂ ಕೂಡುವ ಜಾಗ ಯಾವುದು.

ರಸ್ತೆ ತಡೆಯಲ್ಲಿ ಎರಡೂ ತುದಿಗೆ, ಕೂತ ಜನರಿಂದ ಸಾಕಷ್ಟು ಮುಂದೆ, ಕೆಂಪು ಬಟ್ಟೆ ಹಿಡಿದ ಸ್ವಯಂಸೇವಕರು ನಿಲ್ಲಲಿ. ಮೆರವಣಿಗೆಯಲ್ಲಿಯೂ ಹಿಂದೆ ಕಾವಲು ಇರಲಿ. ಲಖೀಂಪುರದ ಪಾಠ ಅದು. ಅಂಬ್ಯುಲೆನ್ಸ್‌ಗೆ, ಬಾಣಂತಿ, ರೋಗಿ ಇರುವ ಗಾಡಿಗೆ ಕೇಳುವ ಮುಂಚೆಯೇ ದಾರಿ ಬಿಡಿರಿ. ಆ ಗಾಡಿಯಲ್ಲಿ ಇರುವವರೂ ಯಾವುದೋ ಹಳ್ಳಿಯ ರೈತನ ಮನೆಯವರೇ.

ಕೈಯಲ್ಲಿ ಏನು ಹಿಡಿಯಬೇಕು? ಹಸಿರು ಶಾಲು, ಬೇಡಿಕೆಯ ಫಲಕ. ಕುಡಗೋಲು, ಕೊಡಲಿ, ಬಡಿಗೆ ಎಲ್ಲ ಮನೆಯಲ್ಲಿರಲಿ. ಬಾರಕೋಲು ನಮ್ಮ ಚಳವಳಿಯ ಗುರುತು ಎನ್ನುತ್ತೀರಿ, ಒಪ್ಪಿದೆ. ಆದರೆ ನಿಷೇಧಾಜ್ಞೆ ಇರುವ ದಿನ ಅದು ಪಂಚನಾಮೆಯಲ್ಲಿ ಆಯುಧ ಎಂದು ಬರೆಯಲ್ಪಡುತ್ತದೆ. ಸಂವಿಧಾನದ 19ನೆಯ ವಿಧಿ ನಮಗೆ ಸಭೆ ಸೇರುವ ಹಕ್ಕು ಕೊಟ್ಟಿದೆ. ಶಾಂತರಾಗಿ, ಆಯುಧವಿಲ್ಲದೆ ಸೇರಬೇಕೆಂದು ಅದೇ ಸಾಲಿನಲ್ಲಿ ಹೇಳಿದೆ. ನಮ್ಮ ಬರಿಗೈಯೇ ನಮ್ಮ ಕಾಯ್ದೆಯ ಬಲ. ಅದನ್ನು ಒಂದು ಬಡಿಗೆಗಾಗಿ ಕಳೆದುಕೊಳ್ಳಬಾರದು.

ಕಲ್ಲಿನ ವಿಷಯದಲ್ಲಿ ಇನ್ನೂ ಕಟುವಾಗಿ ಹೇಳುತ್ತೇನೆ. ಹಳೆಯ ದಂಡ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹೆಸರು ಬದಲಾಯಿತು, ಹಗ್ಗ ಅದೇ. ಐದು ಅಥವಾ ಹೆಚ್ಚು ಮಂದಿಯ ಗುಂಪನ್ನು ಕಾನೂನುಬಾಹಿರ ಕೂಟ ಎಂದು ಹೆಸರಿಟ್ಟರೆ, ಆ ಕೂಟದ ಉದ್ದೇಶಕ್ಕಾಗಿ ಒಬ್ಬ ಮಾಡಿದ ಅಪರಾಧ ಅಲ್ಲಿದ್ದ ಎಲ್ಲರ ತಲೆಗೆ ಬರಬಹುದು. ಕಲ್ಲು ಒಗೆದವ ಓಡಿ ಹೋಗುತ್ತಾನೆ. ಓಡಲಾರದ ಅರವತ್ತು ವರ್ಷದ ಯಜಮಾನ ಸಿಕ್ಕಿಬೀಳುತ್ತಾನೆ. ಬಸ್ಸು, ಸರ್ಕಾರಿ ಕಚೇರಿಗೆ ಹಾನಿ ಮಾಡಿದರೆ 1984ರ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆ ಬೇರೆ ಕಾದಿದೆ.

2025ರ ನವೆಂಬರನ್ನೇ ನೋಡಿರಿ. ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ದಿನಗಟ್ಟಲೆ ಕೂತರು. ಸರ್ಕಾರ ಕದಲಿತು, 3,300ರ ಮಾತಿಗೆ ಬಂತು. ಅದೇ ತಿಂಗಳು ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳಿಗೆ ಬೆಂಕಿ ಬಿತ್ತು. ಹಚ್ಚಿದವರು ಯಾರೇ ಇರಲಿ, ಸುಟ್ಟದ್ದು ಏನು? ರೈತ ಬೆಳೆದ ಕಬ್ಬು, ರೈತ ಸಾಲ ಮಾಡಿ ತಂದ ಟ್ರ್ಯಾಕ್ಟರು. ಮರುದಿನದ ಮಾತೆಲ್ಲ ಬೆಂಕಿಯ ಮಾತಾಯಿತು; ದರದ ಮಾತು ಹಿಂದೆ ಬಿತ್ತು. ಅಫಜಲಪುರ, ಆಳಂದದ ಕಬ್ಬಿನವರು ಈ ಎರಡು ಚಿತ್ರವನ್ನೂ ಕಣ್ಣ ಮುಂದೆ ಇಟ್ಟುಕೊಳ್ಳಬೇಕು.

ಪೊಲೀಸರು ಬಂದು ಚದುರಿರಿ ಎಂದು ಆದೇಶ ಕೊಟ್ಟಾಗ ಏನು ಮಾಡಬೇಕೆಂದು ಮೊದಲೇ ತೀರ್ಮಾನವಾಗಿರಬೇಕು. ಬಂಧನಕ್ಕೆ ಒಳಗಾಗುವವರು ಇವರು ಎಂದು ಹೆಸರು ಬರೆದಿರಬೇಕು. ಅವರು ಕೂತಲ್ಲೇ ಕೂಡಲಿ. ಉಳಿದವರು ಎದ್ದು, ಓಡದೆ, ತಮ್ಮ ಹತ್ತು ಮಂದಿಯ ಸಂಗಡ ಪಕ್ಕಕ್ಕೆ ಸರಿಯಲಿ. ಓಡಿದರೆ ಹಿಂದಿನವರು ಮುಂದಿನವರನ್ನು ತುಳಿಯುತ್ತಾರೆ. ಬಿದ್ದರೆ ಮೊಣಕಾಲು ಹೊಟ್ಟೆಗೆ ಎಳೆದು, ಎರಡೂ ಕೈಯಿಂದ ತಲೆ ಕುತ್ತಿಗೆ ಮುಚ್ಚಿಕೊಳ್ಳಿರಿ. ಅಶ್ರುವಾಯು ಬಿಟ್ಟರೆ ಗಾಳಿ ಬರುವ ಕಡೆಗೆ, ಎತ್ತರದ ಬಯಲಿಗೆ ಹೋಗಿರಿ; ಆ ಹೊಗೆ ತಗ್ಗಿನಲ್ಲಿ ನಿಲ್ಲುತ್ತದೆ. ಕಣ್ಣು ಉಜ್ಜಬೇಡಿರಿ. ಎಣ್ಣೆ ಹಚ್ಚಬೇಡಿರಿ, ಎಣ್ಣೆ ಅದನ್ನು ಚರ್ಮಕ್ಕೆ ಹಿಡಿದಿಡುತ್ತದೆ. ಬರೀ ತಣ್ಣೀರಿನಿಂದ ತೊಳೆಯುತ್ತಲೇ ಇರಬೇಕು. ಬಿದ್ದ ಶೆಲ್ಲನ್ನು ಕೈಯಿಂದ ಮುಟ್ಟಬೇಡಿರಿ, ಕೈ ಸುಡುತ್ತದೆ. ತಲೆಗೆ ಪೆಟ್ಟು ಬಿದ್ದವನು "ಏನೂ ಆಗಿಲ್ಲ" ಎಂದರೂ ದವಾಖಾನೆಗೆ ಒಯ್ಯಿರಿ. ಅಲ್ಲಿ ಗಾಯದ ದಾಖಲೆ ಬರೆಸಿರಿ. ದಾಖಲೆ ಇಲ್ಲದ ಗಾಯಕ್ಕೆ ಕೋರ್ಟಿನಲ್ಲಿ ನಾಲಿಗೆ ಇಲ್ಲ.

ಹಿಡಿದೊಯ್ದರೆ ಅಂಜಬೇಡಿರಿ, ಒದರಾಡಲೂ ಬೇಡಿರಿ. ಯಾಕೆ ಹಿಡಿದರೆಂದು ತಿಳಿಸಬೇಕು. ನೀವು ಹೇಳಿದ ಒಬ್ಬ ಸಂಬಂಧಿಗೋ ಸ್ನೇಹಿತನಿಗೋ ಸುದ್ದಿ ಮುಟ್ಟಿಸಬೇಕು. ವಕೀಲರನ್ನು ಕಾಣುವ ಹಕ್ಕಿದೆ. ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಹೆಣ್ಣುಮಕ್ಕಳನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ, ಮ್ಯಾಜಿಸ್ಟ್ರೇಟರ ಅನುಮತಿ ಪಡೆದ ವಿಶೇಷ ಸಂದರ್ಭ ಬಿಟ್ಟು, ಹಿಡಿಯುವಂತಿಲ್ಲ. 1996ರಲ್ಲಿ ಡಿ.ಕೆ. ಬಸು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಬಂಧನದ ನಿಯಮಗಳನ್ನು ಒಂದೊಂದಾಗಿ ಬರೆದು ಕೊಟ್ಟಿದೆ. ಬಂಧನದ ಕಾಗದವನ್ನು ಓದಿಸಿ ಕೇಳಿ, ತಾರೀಖು, ಹೊತ್ತು ಸರಿ ಇದ್ದರೆ ಸಹಿ ಮಾಡಿರಿ. ಖಾಲಿ ಕಾಗದಕ್ಕೆ ಎಂದೂ ಹೆಬ್ಬೆಟ್ಟು ಒತ್ತಬೇಡಿರಿ. ತನಿಖೆಯಲ್ಲಿ ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ ಸಹಿ ಬೇಕಾಗಿಲ್ಲ, ಅದು ಕಾಯ್ದೆಯದೇ ಮಾತು. ಫೋನು ಕಸಿದರೆ ನಂಬರು ನೆನಪಿರುವುದಿಲ್ಲ. ಊರಿನವರ ಒಂದು, ವಕೀಲರ ಒಂದು ನಂಬರನ್ನು ಪೆನ್ನಿನಿಂದ ತೋಳಿನ ಮೇಲೆ ಬರೆದುಕೊಂಡು ಹೋಗಿರಿ. ಬಂಧನದಲ್ಲಿರುವವರಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ. ತಾಲ್ಲೂಕು ಕೋರ್ಟಿನಲ್ಲಿ ಅದರ ಸಮಿತಿ ಇದೆ, 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಇಷ್ಟೆಲ್ಲ ಯಾಕೆ ಹೇಳಬೇಕಾಯಿತೆಂದರೆ, ಲಾಠಿ ಏಟಿನ ಬಾವು ಹದಿನೈದು ದಿನಕ್ಕೆ ಇಳಿಯುತ್ತದೆ, ಕೇಸಿನ ಬಾವು ವರ್ಷಗಟ್ಟಲೆ ಇಳಿಯುವುದಿಲ್ಲ. ತಾರೀಖಿಗೊಮ್ಮೆ ಬಸ್ ಚಾರ್ಜು, ವಕೀಲರ ಫೀಸು, ಒಂದು ದಿನದ ಕೆಲಸ. ಜಾಮೀನು ಬೇಕೆಂದರೆ ಯಾರದಾದರೂ ಪಹಣಿ. ಬೆಳೆಸಾಲಕ್ಕೆ ಬ್ಯಾಂಕಿನಲ್ಲಿ ಪಹಣಿ, ಮಗಳ ಮದುವೆ ಸಾಲಕ್ಕೆ ಪಹಣಿ, ಈಗ ಅಣ್ಣತಮ್ಮನ ಜಾಮೀನಿಗೂ ಪಹಣಿ! ತೊಗರಿ ಕೀಳುವ ಹೊತ್ತಿಗೆ ತಾರೀಖು ಬಿದ್ದರೆ ರಾಶಿ ಬಿಟ್ಟು ಕಟಕಟೆಯಲ್ಲಿ ನಿಲ್ಲಬೇಕು, ನಿಲ್ಲದಿದ್ದರೆ ವಾರಂಟು. ಸಾಲದ ವಿರುದ್ಧ ಹೋರಾಡಲು ಹೋದವನು ಹೋರಾಟದಿಂದಲೇ ಹೊಸ ಸಾಲಕ್ಕೆ ಬಿದ್ದರೆ ನಾವು ಕಟ್ಟಿದ್ದೇನು? ಕಾಲು ಮುರಿದವನ ಮುಂಗಾರು ಹೋಯಿತೆಂದರೆ ಮನೆ ಎರಡು ವರ್ಷ ಹಿಂದೆ ಬಿತ್ತು.

ಆದ್ದರಿಂದ ಮುಖಂಡರಿಗೂ ಎರಡು ಮಾತು. ಹುಡುಗರನ್ನು ಮುಂದೆ ಬಿಟ್ಟು ಜೀಪಿನಲ್ಲಿ ಕೂತು ಫೋಟೋ ತೆಗೆಸಿಕೊಳ್ಳುವ ಮುಖಂಡ ನಮಗೆ ಬೇಡ. ಜಾಗಕ್ಕೆ ಮೊದಲು ಬಂದು ಕೊನೆಗೆ ಹೋಗುವವನೇ ಮುಖಂಡ. ಚಳವಳಿಯ ದಿನ, ಹೊತ್ತು, ಜಾಗ, ಬೇಡಿಕೆ ಬರೆದ ಪತ್ರವನ್ನು ತಹಶೀಲ್ದಾರರಿಗೆ, ಠಾಣೆಗೆ ಮೊದಲೇ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಬೇಕು. ಅಧಿಕಾರಿಗಳ ಸಂಗಡ ಮಾತಾಡಲು ಮೂವರೇ ಇರಲಿ. ಮೊಬೈಲಿನಲ್ಲಿ ಚಿತ್ರ ಹಿಡಿಯಲು ಇಬ್ಬರು ಎತ್ತರದ ಜಾಗದಲ್ಲಿ ನಿಂತಿರಲಿ. "ಗುಂಡು ಹಾರಿತಂತೆ, ನಾಲ್ವರು ಸತ್ತರಂತೆ" ಎಂಬ ಗಾಳಿಮಾತನ್ನು ವಾಟ್ಸಾಪಿನಲ್ಲಿ ಹಬ್ಬಿಸುವವನನ್ನು ಅಲ್ಲಿಯೇ ತಡೆಯಿರಿ. ಪ್ರತಿ ಊರಿನ ಸಂಘದಲ್ಲಿ ಒಂದು ಕೇಸು ನಿಧಿ ಇರಲಿ. ರಾಶಿ ಹೊತ್ತಿನಲ್ಲಿ ಮನೆಗೆ ಐದು ಸೇರು ತೊಗರಿ ಸಾಕು. ಸಂಘದ ಕರೆಗೆ ಹೋಗಿ ಕೇಸು ಹಾಕಿಸಿಕೊಂಡವನು ಒಬ್ಬನೇ ಕೋರ್ಟಿಗೆ ಹೋಗುವ ದಿನ ಆ ಸಂಘ ಸತ್ತಿತೆಂದೇ ತಿಳಿಯಿರಿ.

ಸರ್ಕಾರದ ಹೊಣೆ ಇಲ್ಲವೇ? ಇದೆ. ಕೈಕಟ್ಟಿ ಕೂತ ರೈತನ ಮೇಲೆ ಲಾಠಿ ಬೀಸುವುದು ನಮ್ಮ ಸಿದ್ಧತೆ ಸಾಲದ್ದಕ್ಕಲ್ಲ, ಅವರ ನೀತಿ ಕೆಟ್ಟದ್ದಕ್ಕೆ. ಹೊತ್ತಿಗೆ ಸರಿಯಾಗಿ ಖರೀದಿ ಕೇಂದ್ರ ತೆರೆದಿದ್ದರೆ, ವಿಮೆ ಹಣ ಕೊಟ್ಟಿದ್ದರೆ, ನಮಗೇನು ಡಾಂಬರಿನ ಮೇಲೆ ಕೂಡುವ ಹುಚ್ಚೇ? ಎದುರಿಗೆ ಲಾಠಿ ಹಿಡಿದು ನಿಂತ ಪೇದೆಯೂ ಎಲ್ಲೋ ಮೂರೆಕರೆ ಹೊಲದವನ ಮಗ. ಅವನ ಅಪ್ಪನ ತೊಗರಿಗೂ ಅದೇ ದರ. ಅವನನ್ನು ಬೈಯುವುದರಿಂದ ದರ ಏರುವುದಿಲ್ಲ.

ಬಂಧುಗಳೇ, ಒಂದು ದಿನದ ಚಳವಳಿಗೆ ಯಾವ ಸರ್ಕಾರವೂ ಅಂಜುವುದಿಲ್ಲ. ಇಂದು ಬಂದವರು ನಾಳೆಯೂ ಬರುತ್ತಾರೆ, ಮುಂದಿನ ಸುಗ್ಗಿಗೂ ಬರುತ್ತಾರೆ ಎಂದು ಗೊತ್ತಾದಾಗ ಅಂಜುತ್ತದೆ. ಮತ್ತೆ ಬರಬೇಕೆಂದರೆ ಮೊದಲು ಮನೆಗೆ ಮರಳಬೇಕು. ಮುಂದಿನ ಸಲ ಟ್ರ್ಯಾಕ್ಟರ್ ಹೊರಡುವ ಮುಂಚೆ ಕಟ್ಟೆಯ ಮೇಲೆ ಕೂತು ಪಟ್ಟಿ ಬರೆಯಿರಿ. ರಾತ್ರಿ ಎಷ್ಟೇ ಹೊತ್ತಾಗಲಿ, ಆ ಪಟ್ಟಿಯ ಕೊನೆಯ ಹೆಸರಿನ ಮನೆ ಬಾಗಿಲು ತಟ್ಟಿ, "ಅವ್ವಾ, ನಿನ್ನ ಮಗ ಬಂದನೇ?" ಎಂದು ಕೇಳಿರಿ. "ಬಂದು ಉಂಡು ಮಲಗ್ಯಾನಪಾ" ಎಂಬ ಉತ್ತರ ಸಿಕ್ಕ ಮೇಲೆಯೇ ಆ ದಿನದ ಚಳವಳಿ ಮುಗಿಯಿತೆಂದು ತಿಳಿಯಿರಿ.